ನೋಡದೆ ಟೊಪಾಲಜಿ ಮಾಡೋದು ಹೇಗೆ? ಪೊಂಟ್ರ್ಯಾಗಿನ್ ಬಗ್ಗೆ ಒಂದು ಉದ್ದ ಉತ್ತರ

ಪ್ರಶ್ನೆ: ಸರ್, ನಾನು ಎಂಎಸ್ಸಿ ಮ್ಯಾಥ್ಸ್ ಓದ್ತಾ ಇದೀನಿ. ಟೊಪಾಲಜಿ ಕ್ಲಾಸಲ್ಲಿ ಪೊಂಟ್ರ್ಯಾಗಿನ್ ಅನ್ನೋ ಸೋವಿಯತ್ ಗಣಿತಜ್ಞರಿಗೆ ಕಣ್ಣೇ ಕಾಣ್ತಿರಲಿಲ್ಲ ಅಂದ್ರು. ಆಕಾರಗಳ ಬಗ್ಗೆ ಇರೋ ಸಬ್ಜೆಕ್ಟನ್ನ ಕಣ್ಣಿಲ್ಲದೆ ಮಾಡೋಕೆ ಹೇಗಾಗುತ್ತೆ? ಕಂಟ್ರೋಲ್ ಥಿಯರಿಯಲ್ಲಿ ಬರೋ ಪೊಂಟ್ರ್ಯಾಗಿನ್ ಮ್ಯಾಕ್ಸಿಮಮ್ ಪ್ರಿನ್ಸಿಪಲ್ ಕೂಡ ಇವರದ್ದೇನಾ? ಇನ್ನೊಂದು, ಇವರು ಯಹೂದಿಗಳ ವಿರೋಧಿ ಅಂತ ಎಲ್ಲೋ ಓದಿದೆ, ಅದು ಎಷ್ಟು ನಿಜ?

ಉತ್ತರ:

ಎರಡನೇದಕ್ಕೆ ಮೊದಲು ಹೇಳಿಬಿಡ್ತೀನಿ, ಹೌದು ಇಬ್ಬರೂ ಒಬ್ಬರೇ. ಟೊಪಾಲಜಿಯವರಿಗೆ ಪೊಂಟ್ರ್ಯಾಗಿನ್ ಅಂದ್ರೆ ಡುಆಲಿಟಿ, ಕ್ಯಾರೆಕ್ಟರಿಸ್ಟಿಕ್ ಕ್ಲಾಸ್. ಇಂಜಿನಿಯರಿಂಗ್‌ನವರಿಗೆ ಮ್ಯಾಕ್ಸಿಮಮ್ ಪ್ರಿನ್ಸಿಪಲ್. ಎರಡೂ ಕಡೆಯವರಲ್ಲಿ ಸುಮಾರು ಜನಕ್ಕೆ ಇನ್ನೊಂದು ಕಡೆ ಇರೋದೇ ಗೊತ್ತಿರಲ್ಲ. ಮೂರನೇ ಪ್ರಶ್ನೆಗೆ ಹೌದು ಇಲ್ಲ ಅಂತ ಒಂದು ಪದದಲ್ಲಿ ಹೇಳೋಕಾಗಲ್ಲ, ಕೊನೇಲಿ ಬರ್ತೀನಿ.

ಲೆವ್ ಸೆಮ್ಯೊನೊವಿಚ್ ಪೊಂಟ್ರ್ಯಾಗಿನ್ ಹುಟ್ಟಿದ್ದು 1908ರ ಸೆಪ್ಟೆಂಬರ್ 3ಕ್ಕೆ, ಮಾಸ್ಕೋದಲ್ಲಿ. ಅಪ್ಪ ಲೆಕ್ಕಪತ್ರ ಬರೆಯೋ ಕೆಲಸದವರು, ಅಮ್ಮ ತತ್ಯಾನಾ ಆಂಡ್ರೇಯೆವ್ನಾ ಬಟ್ಟೆ ಹೊಲೀತಿದ್ರು, ದುಡ್ಡಿದ್ದ ಮನೆಯೇನಲ್ಲ. ಹುಡುಗನಿಗೆ 14 ವರ್ಷ ಆಗಿದ್ದಾಗ ಮನೇಲಿ ಪ್ರೈಮಸ್ ಸ್ಟೋವ್ ಸಿಡಿದು, ಅದೇ ನಮ್ಮಲ್ಲೂ ಹಿಂದೆ ಇರ್ತಿತ್ತಲ್ಲ ಸೀಮೆಎಣ್ಣೆ ಪಂಪ್ ಸ್ಟೋವ್, ಅದು, ಎರಡೂ ಕಣ್ಣು ಹೋದ್ವು. ಅಲ್ಲಿಂದ ಮುಂದಕ್ಕೆ ಅವರಮ್ಮ ಮಾಡಿದ ಕೆಲಸ ಇದೆಯಲ್ಲ ಅದನ್ನ ಬರೀ ತಾಯಿ ಪ್ರೀತಿ ಅಂತ ಹೇಳಿ ಮುಗಿಸಿಬಿಡೋದು ನನಗಿಷ್ಟ ಇಲ್ಲ, ಯಾಕಂದ್ರೆ ಅದು ನಿಜವಾಗಲೂ ಒಂದು ಉದ್ಯೋಗ, ವರ್ಷಗಟ್ಟಲೆ ಮಾಡಿದ್ದು, ಸಂಬಳ ಇಲ್ಲದ್ದು. ಗಣಿತ ಕಲಿತವರಲ್ಲ, ಆದರೂ ಮಗನಿಗೆ ಗಣಿತದ ಪುಸ್ತಕ ಜೋರಾಗಿ ಓದಿ ಹೇಳ್ತಿದ್ರು, ಅವನು ಹೇಳಿದ್ದನ್ನ ಬರ್ಕೊಂಡು ಫಾರ್ಮುಲಾ ತುಂಬಿಸ್ತಿದ್ರು, ಬೇರೆ ಭಾಷೆಯ ಪೇಪರ್ ಓದಬೇಕಾಗಿ ಬಂದಾಗ ಆ ಭಾಷೆ ಓದೋದನ್ನೂ ಕಲಿತ್ರು. ಚಿಹ್ನೆಗಳ ಹೆಸರು ಗೊತ್ತಿಲ್ವಲ್ಲ, ಅದಕ್ಕೆ ಕಣ್ಣಿಗೆ ಕಂಡ ಹಾಗೆ ಹೇಳೋರು. ಒಂದು ಸೆಟ್ ಇನ್ನೊಂದರ ಒಳಗಿದೆ ಅನ್ನೋ ಚಿಹ್ನೆ ಬಂದ್ರೆ "ಬಾಲ ಬಲಕ್ಕೆ", ಯೂನಿಯನ್ ಬಂದ್ರೆ "ಬಾಲ ಮೇಲಕ್ಕೆ". ಮಗನಿಗೆ ಅಷ್ಟು ಸಾಕಾಗ್ತಿತ್ತು.

1925ರಲ್ಲಿ ಮಾಸ್ಕೋ ಯೂನಿವರ್ಸಿಟಿ ಸೇರಿದ್ರು, 1929ರಲ್ಲಿ ಮುಗಿಸಿದ್ರು. ಆ ಕಾಲದ ಒಂದು ಕಥೆ ಪದೇ ಪದೇ ಹೇಳ್ತಾರೆ: ಎರಡನೇ ವರ್ಷದಲ್ಲಿ ಯಾವುದೋ ಲೆಕ್ಚರ್ ನಡೀತಿದೆ, ಕ್ಲಾಸಲ್ಲಿ ಯಾರಿಗೂ ಅಷ್ಟು ಗಮನ ಇಲ್ಲ, ಇದ್ದಕ್ಕಿದ್ದಂಗೆ ಪೊಂಟ್ರ್ಯಾಗಿನ್ ಎದ್ದು ಪ್ರೊಫೆಸರ್, ಚಿತ್ರದಲ್ಲಿ ತಪ್ಪಿದೆ ಅಂದ್ರಂತೆ. ಬೋರ್ಡ್ ಕಾಣದವರು ಬೋರ್ಡಿನ ಚಿತ್ರದ ತಪ್ಪು ಹಿಡಿದಿದ್ದು ಹೇಗೆ ಅಂದ್ರೆ, ಮೇಷ್ಟ್ರು ಬಾಯಲ್ಲಿ ಹೇಳ್ತಿದ್ದ ಅಕ್ಷರಗಳನ್ನ ಕೇಳ್ಕೊಂಡು ತಲೇಲೇ ಚಿತ್ರ ಬರೀತಾ ಇದ್ರು, ಒಂದು ಅಕ್ಷರ ತಪ್ಪು ಜಾಗಕ್ಕೆ ಬಿದ್ದಾಗ ಆ ಚಿತ್ರ ಕೂಡಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ನೋಡಿ, ಟೊಪಾಲಜಿ ಅಂದ ತಕ್ಷಣ ರಬ್ಬರ್ ಶೀಟು, ಕಾಫಿ ಕಪ್ಪು ಅಂತ ಶುರು ಮಾಡೋ ಅಭ್ಯಾಸ ಎಲ್ಲರಿಗೂ ಇದೆ, ಅದರಿಂದಲೇ ಇದು ಕಣ್ಣಿನ ಸಬ್ಜೆಕ್ಟು ಅನ್ನೋ ಭಾವನೆ ಬರೋದು. ಆದರೆ ಪೊಂಟ್ರ್ಯಾಗಿನ್ ಕೆಲಸ ಮಾಡಿದ್ದು ಬಹುಪಾಲು ಯಾರೂ ನೋಡೋಕೆ ಆಗದ ಜಾಗದಲ್ಲಿ. ಐದು ಆಯಾಮದ ಗೋಳನ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಅಲ್ಲಿ ಕಣ್ಣಿದ್ದವರೂ ಅಕ್ಷರ ಹಿಡ್ಕೊಂಡೇ ನಡೀಬೇಕು. ಹಂಗಂತ ಅವರು ಬರೀ ಬೀಜಗಣಿತದವರು ಅಂದ್ಕೋಬೇಡಿ, ನನ್ನ ಪ್ರಕಾರ ಆ ತಲೆಮಾರಿನ ಟೊಪಾಲಜಿಸ್ಟುಗಳಲ್ಲಿ ತೀರಾ ಜಾಮಿಟ್ರಿ ಕಡೆಯ ಮನಸ್ಸು ಅವರದ್ದೇ. ಅವರ ವಿಶೇಷ ಏನಂದ್ರೆ ಕೈಗೆ ಸಿಗದ ಒಂದು ದೊಡ್ಡ ಪ್ರಶ್ನೆಯನ್ನ ತಲೇಲಿ ಹಿಡಿದಿಟ್ಟುಕೊಳ್ಳಬಹುದಾದ ಒಂದು ಸಣ್ಣ ವಸ್ತುವಿಗೆ ತಂದು ನಿಲ್ಲಿಸೋದು. ಟೊಪಾಲಜಿಯಲ್ಲೂ ಅದೇ, ಆಮೇಲೆ ಕಂಟ್ರೋಲ್ ಥಿಯರಿಯಲ್ಲೂ ಅದೇ ಮಾಡಿದ್ರು.

ಮೊದಲ ಉದಾಹರಣೆ ಡುಆಲಿಟಿ. ಗುರುಗಳು ಪಾವೆಲ್ ಅಲೆಕ್ಸಾಂಡ್ರೊವ್, ಮಾಸ್ಕೋದ ಟೊಪಾಲಜಿ ಗುಂಪನ್ನ ಉರಿಸೋನ್ ಜೊತೆ ಕಟ್ಟಿದವರು (ಉರಿಸೋನ್ 1924ರಲ್ಲಿ ಫ್ರಾನ್ಸಿನ ಸಮುದ್ರದಲ್ಲಿ ಈಜೋಕೆ ಹೋಗಿ 26ನೇ ವಯಸ್ಸಿಗೆ ತೀರ್ಕೊಂಡ್ರು, ಅದೇ ಒಂದು ಬೇರೆ ಕಥೆ). ವಿದ್ಯಾರ್ಥಿಯಾಗಿದ್ದಾಗಲೇ ಪೊಂಟ್ರ್ಯಾಗಿನ್ ಕೈ ಹಾಕಿದ್ದು ಅಲೆಕ್ಸಾಂಡರ್ ಡುಆಲಿಟಿಗೆ, ಈ ಅಲೆಕ್ಸಾಂಡರ್ ಅಮೆರಿಕದವರು, ಹೆಸರು ಹತ್ತಿರ ಇದೆ ಅಂತ ಕನ್‌ಫ್ಯೂಸ್ ಆಗಬೇಡಿ. ಸಮತಲದಲ್ಲಿ ಒಂದು ವೃತ್ತ ಎಳೆದ್ರೆ ಉಳಿದ ಜಾಗ ಒಳಗೆ ಹೊರಗೆ ಅಂತ ಎರಡು ತುಂಡಾಗುತ್ತೆ, ಅಂದ್ರೆ ಒಂದು ಸೆಟ್ಟಿನ ತೂತುಗಳಿಗೂ ಅದನ್ನ ಬಿಟ್ಟು ಉಳಿದಿದ್ದರ ರಚನೆಗೂ ಸಂಬಂಧ ಇದೆ. ಸುಲಭದ ಸೆಟ್ಟುಗಳಲ್ಲಿ ಎರಡೂ ಕಡೆಯ ಸಂಖ್ಯೆ ಸಮ ಅಂತ ಹೇಳಿ ಸುಮ್ಮನಾಗಬಹುದು, ಆದರೆ ಸೆಟ್ಟು ತೀರಾ ಗೋಜಲಾಗಿದ್ರೆ ಎಣಿಕೆಯಿಂದ ಕೆಲಸ ಆಗಲ್ಲ, ಒಂದು ಕಡೆ ಗ್ರೂಪ್ (ಕೂಡೋ ಥರದ ಒಂದು ಲೆಕ್ಕ ಇರೋ ಎಲಿಮೆಂಟುಗಳ ಸೆಟ್ಟು) ಸಿಗುತ್ತೆ ಇನ್ನೊಂದು ಕಡೆ ಬೇರೆ ಥರದ ಗ್ರೂಪ್ ಸಿಗುತ್ತೆ, ಎರಡೂ ಒಂದೇ ಅಲ್ಲ. ಹಾಗಿದ್ರೆ ಸಂಬಂಧ ಏನು? ಒಂದು ಗ್ರೂಪಿನ ಪ್ರತಿ ಎಲಿಮೆಂಟೂ ಇನ್ನೊಂದನ್ನ ವೃತ್ತದ ಗ್ರೂಪಿಗೆ ಕಳಿಸೋ ಒಂದು ಹೋಮೊಮಾರ್ಫಿಸಂ, ಅಂದ್ರೆ ಗ್ರೂಪಿನ ಲೆಕ್ಕ ಕೆಡಿಸದ ಮ್ಯಾಪು, ಅದಕ್ಕೆ ಕ್ಯಾರೆಕ್ಟರ್ ಅಂತಾರೆ. ಒಂದರ ಕ್ಯಾರೆಕ್ಟರುಗಳನ್ನೆಲ್ಲ ಸೇರಿಸಿದ್ರೆ ಇನ್ನೊಂದು, ಮತ್ತೆ ಅದರ ಕ್ಯಾರೆಕ್ಟರ್ ತಗೊಂಡ್ರೆ ವಾಪಸ್ ಮೊದಲನೇದು.

1934ರಲ್ಲಿ ಇದು ಅಮೆರಿಕದ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಬಂತು, ಮರುವರ್ಷ ವಾನ್ ಕಾಂಪೆನ್ ಇನ್ನೂ ವಿಸ್ತರಿಸಿದ್ರು. ಪೂರ್ಣಾಂಕಗಳಿಗೆ ಜೋಡಿ ವೃತ್ತ, ರಿಯಲ್ ಲೈನಿಗೆ ಜೋಡಿ ಅದೇ ರಿಯಲ್ ಲೈನ್, ಡಿಸ್ಕ್ರೀಟ್ ಗ್ರೂಪಿಗೆ ಜೋಡಿ ಕಾಂಪ್ಯಾಕ್ಟ್ ಗ್ರೂಪ್. ಫೋರಿಯೆ ಸೀರೀಸ್ ಓದಿದ್ದೀರಲ್ಲ, ವೃತ್ತದ ಮೇಲಿನ ಫಂಕ್ಷನ್ನಿಗೆ ಪೂರ್ಣಾಂಕಗಳ ಮೇಲಿನ ಕೋಎಫಿಶಿಯೆಂಟು ಯಾಕೆ ಬರುತ್ತೆ, ಫೋರಿಯೆ ಟ್ರಾನ್ಸ್‌ಫಾರ್ಮಲ್ಲಿ ಮಾತ್ರ ಲೈನಿಂದ ಲೈನಿಗೇ ಯಾಕೆ ಹೋಗ್ತೀವಿ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇವತ್ತು ಇದನ್ನ ಅನಾಲಿಸಿಸ್ ಪುಸ್ತಕದಲ್ಲಿ ಓದ್ತೀವಿ, ನಂಬರ್ ಥಿಯರಿಯವರಿಗೂ ಇದು ಬೇಕೇ ಬೇಕು, ಆದರೆ ಹುಟ್ಟಿದ್ದು ಮಾತ್ರ ಒಂದು ಗೋಜಲಾದ ಸೆಟ್ಟಿನ ಹೊರಗಡೆ ಏನಿದೆ ಅನ್ನೋ ಟೊಪಾಲಜಿ ಪ್ರಶ್ನೆಯಿಂದ. ಅದೇ ಜೋರಲ್ಲಿ ಹಿಲ್ಬರ್ಟನ ಐದನೇ ಸಮಸ್ಯೆ (ಹತ್ತಿರದಿಂದ ನೋಡಿದ್ರೆ ಮಾಮೂಲಿ ಜಾಗದ ಹಾಗೆ ಕಾಣೋ ಗ್ರೂಪು ತಾನಾಗೇ ನುಣುಪಾಗಿರುತ್ತಾ ಅನ್ನೋದು) ಕಮ್ಯುಟೇಟಿವ್ ಗ್ರೂಪುಗಳಿಗೆ ಬಗೆಹರಿದೇ ಹೋಯ್ತು. ಕಾಂಪ್ಯಾಕ್ಟ್ ಗ್ರೂಪುಗಳಿಗೆ ವಾನ್ ನಾಯ್ಮನ್ 1933ರಲ್ಲೇ ಮಾಡಿದ್ರು, ಪೂರ್ತಿ ಬಗೆಹರಿಯೋಕೆ 1950ರ ದಶಕದ ಮೊದಲ ವರ್ಷಗಳ ತನಕ ಕಾಯಬೇಕಾಯ್ತು. 1938ರಲ್ಲಿ ಬಂದ ಟೊಪಲಾಜಿಕಲ್ ಗ್ರೂಪುಗಳ ಪುಸ್ತಕ ಮರುವರ್ಷವೇ ಇಂಗ್ಲಿಷಿಗೆ ಬಂತು, ಅದಕ್ಕೆ 1941ರಲ್ಲಿ ಸ್ಟಾಲಿನ್ ಪ್ರಶಸ್ತಿಯೂ ಸಿಕ್ತು.

ಇನ್ನು ಮುಂದೆ ಬರೋದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ದೊಡ್ಡ ಗೋಳದಿಂದ ಸಣ್ಣ ಗೋಳಕ್ಕೆ ಎಷ್ಟು ಥರದ ಮ್ಯಾಪುಗಳಿವೆ, ಒಂದರಿಂದ ಇನ್ನೊಂದಕ್ಕೆ ನಿಧಾನಕ್ಕೆ ಎಳೆದು ತರೋಕಾದ್ರೆ ಎರಡೂ ಒಂದೇ ಅಂತ ಲೆಕ್ಕ. ಇದು ಹೋಮೊಟಪಿ ಗ್ರೂಪುಗಳ ಪ್ರಶ್ನೆ. 1931ರಲ್ಲಿ ಹೋಫ್ ಮೂರು ಆಯಾಮದ ಗೋಳದಿಂದ ಎರಡು ಆಯಾಮದ ಗೋಳಕ್ಕೆ ಅನಂತ ಥರದ ಮ್ಯಾಪುಗಳಿವೆ ಅಂತ ತೋರಿಸಿ ಎಲ್ಲರಿಗೂ ಶಾಕ್ ಕೊಟ್ಟಿದ್ರು. ಪೊಂಟ್ರ್ಯಾಗಿನ್ ಏನು ಮಾಡಿದ್ರು ಅಂದ್ರೆ, ಇಡೀ ಮ್ಯಾಪನ್ನ ಹಿಡಿಯೋ ಬದಲು ಸಣ್ಣ ಗೋಳದಲ್ಲಿ ಒಂದೇ ಒಂದು ಒಳ್ಳೆ ಬಿಂದು ತಗೊಂಡು, ಆ ಬಿಂದುವಿಗೆ ಬಂದು ಬೀಳೋ ದೊಡ್ಡ ಗೋಳದ ಬಿಂದುಗಳನ್ನೆಲ್ಲ ನೋಡಿದ್ರು. ಅದು ಒಂದು ನುಣುಪಾದ ಮ್ಯಾನಿಫೋಲ್ಡ್ (ಗೆರೆ, ಸರ್ಫೇಸು ಇಂಥವುಗಳ ಯಾವುದೇ ಆಯಾಮದ ರೂಪ) ಆಗುತ್ತೆ, ಎರಡು ಗೋಳಗಳ ಆಯಾಮದ ವ್ಯತ್ಯಾಸ ಎಷ್ಟೋ ಅದರ ಆಯಾಮ ಅಷ್ಟೇ. ಜೊತೆಗೆ ಅದರ ಪ್ರತಿ ಬಿಂದುವಿನಲ್ಲೂ ಹೊರಮುಖವಾಗಿ ನಿಲ್ಲೋ ಒಂದು ವೆಕ್ಟರುಗಳ ಚೌಕಟ್ಟು ಬರುತ್ತೆ, ಅದಕ್ಕೇ ಫ್ರೇಮಿಂಗ್ ಅನ್ನೋದು. ಮ್ಯಾಪನ್ನ ಎಳೆದಾಡಿದ್ರೆ ಈ ಚೌಕಟ್ಟಿನ ಮ್ಯಾನಿಫೋಲ್ಡು ಇನ್ನೊಂದು ದೊಡ್ಡ ಮ್ಯಾನಿಫೋಲ್ಡಿನ ಅಂಚಾಗಿ ಬದಲಾಗ್ತಾ ಹೋಗುತ್ತೆ, ಅಷ್ಟೇ. ಅಂದ್ರೆ ಮ್ಯಾಪುಗಳನ್ನ ಎಣಿಸೋದೂ ಒಂದೇ, ಚೌಕಟ್ಟಿನ ಮ್ಯಾನಿಫೋಲ್ಡುಗಳನ್ನ ಎಣಿಸೋದೂ ಒಂದೇ.

ಆಯಾಮದ ವ್ಯತ್ಯಾಸ ಸೊನ್ನೆ ಆದ್ರೆ ಸಿಗೋದು ಬರೀ ಬಿಂದುಗಳು, ಪ್ಲಸ್ ಮೈನಸ್ ಹಾಕಿ ಕೂಡಿದ್ರೆ ನೀವು ಓದಿರೋ ಡಿಗ್ರಿ. ವ್ಯತ್ಯಾಸ ಒಂದಾದ್ರೆ ಮುಚ್ಚಿದ ಗೆರೆಗಳು, ಚೌಕಟ್ಟು ಆ ಗೆರೆ ಸುತ್ತಿ ಬರೋವಾಗ ಎಷ್ಟು ಸಲ ತಿರುಚಿಕೊಳ್ಳುತ್ತೆ ಅನ್ನೋದೇ ಪ್ರಶ್ನೆ, ಲಾಡಿಯನ್ನ ತಿರುಚಿ ಎರಡು ತುದಿ ಸೇರಿಸಿ ಹೊಲಿದ ಹಾಗೆ. ಮೂರು ಆಯಾಮದಲ್ಲಿ ಪ್ರತಿ ತಿರುಚೂ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಹೋಫ್‌ಗೆ ಅನಂತ ಸಿಕ್ಕಿದ್ದು, ಅದಕ್ಕಿಂತ ಮೇಲಿನ ಆಯಾಮಕ್ಕೆ ಹೋದ್ರೆ ಎರಡು ತಿರುಚು ಒಂದಕ್ಕೊಂದು ಬಿಚ್ಚಿಕೊಳ್ಳುತ್ತೆ, ಬೆಸವೋ ಸಮವೋ ಅನ್ನೋದೊಂದೇ ಉಳಿಯೋದು. ಉತ್ತರ ಎರಡು ಎಲಿಮೆಂಟಿನ ಗ್ರೂಪ್. ನೋಡಿ, ಕಣ್ಣು ಬೇಕಾ ಇದಕ್ಕೆ? ಬೆರಳಿದ್ರೆ ಸಾಕು.

ವ್ಯತ್ಯಾಸ ಎರಡಾದಾಗ ಬರೋದು ಸರ್ಫೇಸುಗಳು, ಮತ್ತೆ 1938ರಲ್ಲಿ ಪೊಂಟ್ರ್ಯಾಗಿನ್ ಇಲ್ಲಿ ತಪ್ಪು ಮಾಡಿದ್ರು. ಅವರ ವಾದ ಹೀಗಿತ್ತು: ಸರ್ಫೇಸಿನ ಮೇಲಿನ ಪ್ರತಿ ಮುಚ್ಚಿದ ಗೆರೆಗೂ ತಿರುಚಿನ ಲೆಕ್ಕದಲ್ಲಿ 0 ಅಥವಾ 1 ಬರುತ್ತೆ, 0 ಇರೋ ಗೆರೆ ಸಿಕ್ಕಿದ್ರೆ ಅಲ್ಲಿ ಕತ್ತರಿಸಿ ಎರಡು ಬದಿಗೂ ಮುಚ್ಚಳ ಹಾಕಿ ಒಂದು ಹಿಡಿಕೆ (ಕಪ್ಪಿನ ಹಿಡಿಕೆ ಥರದ್ದು) ಕಮ್ಮಿ ಮಾಡಬಹುದು, ಹೀಗೆ ಮಾಡ್ತಾ ಮಾಡ್ತಾ ಗೋಳಕ್ಕೆ ಬಂದು ನಿಲ್ಲಬಹುದು, ಆದ್ದರಿಂದ ಗ್ರೂಪ್ ಸೊನ್ನೆ. 0 ಇರೋ ಗೆರೆ ಸಿಕ್ಕೇ ಸಿಗುತ್ತಾ? ಟೋರಸ್, ಅಂದ್ರೆ ಉದ್ದಿನವಡೆ ಆಕಾರದ ಸರ್ಫೇಸು ತಗೊಳ್ಳಿ. ಎರಡು ಮೂಲ ಗೆರೆಗಳು, ಎರಡಕ್ಕೂ 1 ಬಂತು ಅಂದ್ಕೊಳ್ಳಿ, ಹಾಗಾದ್ರೆ ಎರಡನ್ನೂ ಕೂಡಿಸಿದ ಓರೆ ಗೆರೆಗೆ 1 ಕೂಡಿಸು 1, ಅಂದ್ರೆ 0 (ಬೆಸ ಸಮದ ಲೆಕ್ಕ ಅಲ್ವಾ, ಎರಡು ಅಂದ್ರೆ ಸೊನ್ನೆ). ಸಿಕ್ತಲ್ಲ. ಆದರೆ ಈ ಲೆಕ್ಕ ಲೀನಿಯರ್ ಆಗಿದ್ರೆ ಮಾತ್ರ ಸರಿ, ಅದು ಲೀನಿಯರ್ ಅಲ್ಲ, ಕ್ವಾಡ್ರಾಟಿಕ್. ಎರಡು ಗೆರೆ ಒಂದನ್ನೊಂದು ಎಷ್ಟು ಕಡೆ ದಾಟುತ್ತೆ ಅನ್ನೋದನ್ನೂ ಸೇರಿಸಬೇಕು, ಟೋರಸ್ಸಿನ ಮೂಲ ಗೆರೆಗಳು ಒಂದು ಕಡೆ ದಾಟ್ತಾವೆ, ಹಾಗಾಗಿ 1 ಕೂಡಿಸು 1 ಕೂಡಿಸು 1, ಮತ್ತೆ 1. ಮೂರೂ ಗೆರೆಗಳಿಗೆ 1, ಕತ್ತರಿಸೋಕೆ ಜಾಗವೇ ಇಲ್ಲ. ಗ್ರೂಪ್ ಸೊನ್ನೆ ಅಲ್ಲ, ಎರಡು ಎಲಿಮೆಂಟು ಇದೆ. 1950ರಲ್ಲಿ ಅವರೇ ಸರಿಪಡಿಸಿ ಬರೆದ್ರು, ಅದೇ ವರ್ಷ ಜಾರ್ಜ್ ವೈಟ್‌ಹೆಡ್ ಕೂಡ ಬೇರೆ ದಾರಿಯಲ್ಲಿ ಇದೇ ಉತ್ತರಕ್ಕೆ ಬಂದ್ರು.

ಇದನ್ನ ಇಷ್ಟುದ್ದ ಹೇಳಿದ್ದು ಯಾಕಂದ್ರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ. ಕಣ್ಣಿಲ್ಲದವರು ಎಡವಿದ್ದು ಚಿತ್ರದಲ್ಲಿ ಅಲ್ಲ. ಸರ್ಫೇಸು, ಅದರ ಮೇಲಿನ ಗೆರೆ, ಚೌಕಟ್ಟಿನ ತಿರುಚು, ಕತ್ತರಿಸಿ ಮುಚ್ಚಳ ಹಾಕೋದು, ಚಿತ್ರ ಪೂರ್ತಿ ಸರಿ ಇತ್ತು, ತಪ್ಪಿದ್ದು ಒಂದು ಕೂಡೋ ಲೆಕ್ಕ. ಆ ತಪ್ಪಿದ ಜಾಗದಲ್ಲಿ ಇದ್ದ ಕ್ವಾಡ್ರಾಟಿಕ್ ಫಾರ್ಮಿಗೆ ಟರ್ಕಿಯ ಆರ್ಫ್ ಹೆಸರಿನ ಇನ್ವೇರಿಯಂಟ್ ಅಂಟಿಕೊಂಡಿದೆ, ಅದನ್ನೇ ಮೇಲಿನ ಆಯಾಮಕ್ಕೆ ಒಯ್ದ್ರೆ ಕೆರ್ವೇರ್ ಇನ್ವೇರಿಯಂಟ್ ಪ್ರಾಬ್ಲಮ್, 2, 6, 14, 30, 62, 126 ಈ ಆಯಾಮಗಳನ್ನ ಬಿಟ್ಟು ಬೇರೆಲ್ಲೂ ಅದು ಏಳಲ್ಲ ಅಂತ ಹಿಲ್, ಹಾಪ್ಕಿನ್ಸ್, ರೇವನೆಲ್ ತೋರಿಸಿದ್ದು 2009ರಲ್ಲಿ. ಆ ಪಟ್ಟಿಯ ಮೊದಲ 2 ಇದೆಯಲ್ಲ, ಅದೇ ಪೊಂಟ್ರ್ಯಾಗಿನ್ ಎಡವಿದ ಟೋರಸ್.

ಎರಡನೇ ಮಹಾಯುದ್ಧದ ಟೈಮಲ್ಲಿ ಸ್ಟೆಕ್ಲೊವ್ ಇನ್‌ಸ್ಟಿಟ್ಯೂಟ್ ಅನ್ನೋ ಗಣಿತ ಸಂಶೋಧನಾ ಸಂಸ್ಥೆಯನ್ನ ಮಾಸ್ಕೋದಿಂದ ಕಜಾನ್‌ಗೆ ಸಾಗಿಸಿದ್ರು. 1930ರ ದಶಕದಿಂದಲೇ ಪೊಂಟ್ರ್ಯಾಗಿನ್ ಆ ಸಂಸ್ಥೆಯವರು. ಈಗ ಪೊಂಟ್ರ್ಯಾಗಿನ್ ಕ್ಲಾಸ್ ಅಂತ ಕರೆಯೋದು ಬಂದಿದ್ದು 1940ರ ದಶಕದ ಆ ವರ್ಷಗಳಲ್ಲಿ. ಮ್ಯಾನಿಫೋಲ್ಡಿನ ಟ್ಯಾಂಜೆಂಟ್ ಬಂಡಲ್ (ಪ್ರತಿ ಬಿಂದುವಿನಲ್ಲೂ ತಾಗಿ ನಿಲ್ಲೋ ಸಮತಲಗಳನ್ನೆಲ್ಲ ಸೇರಿಸಿದ್ದು) ಎಷ್ಟು ತಿರುಚಿಕೊಂಡಿದೆ ಅಂತ ಅಳೆದು 4, 8, 12 ಹೀಗೆ ನಾಲ್ಕರ ಗುಣಕದ ಆಯಾಮಗಳಲ್ಲಿ ಒಂದೊಂದು ಕೋಹೋಮಾಲಜಿ ಕ್ಲಾಸ್ ಕೊಡೋ ಯಂತ್ರ ಅದು. ಇದರ ಡಿಟೇಲು ನಿಮಗೆ ಮುಂದಿನ ಸೆಮಿಸ್ಟರಲ್ಲಿ ಬರುತ್ತೆ, ಇಲ್ಲಿ ಬೇಡ. ಆದರೆ ಅದರ ಮೇಲೆ ಏನೇನು ನಿಂತಿದೆ ಗೊತ್ತಾ: 1956ರಲ್ಲಿ ಮಿಲ್ನರ್ ಏಳು ಆಯಾಮದ ಗೋಳಕ್ಕೆ ಮಾಮೂಲಿ ಅಲ್ಲದ ಬೇರೆ ಸ್ಮೂತ್ ರಚನೆಗಳಿವೆ ಅಂತ ತೋರಿಸಿದ್ದು ಇದನ್ನ ಇಟ್ಕೊಂಡೇ, ಈ ಕ್ಲಾಸುಗಳು ರ‍್ಯಾಷನಲ್ ಸಂಖ್ಯೆಗಳ ಲೆಕ್ಕದಲ್ಲಿ ಸ್ಮೂತ್ ರಚನೆಯನ್ನ ಅವಲಂಬಿಸಿಲ್ಲ ಅಂತ ಸೆರ್ಗೆಯ್ ನೊವಿಕೊವ್ 1965ರಲ್ಲಿ ತೋರಿಸಿದ್ರು, 1970ರಲ್ಲಿ ಗಣಿತದ ದೊಡ್ಡ ಪ್ರಶಸ್ತಿ ಫೀಲ್ಡ್ಸ್ ಮೆಡಲ್ ಬಂತು, ತಗೊಳ್ಳೋಕೆ ಫ್ರಾನ್ಸಿನ ನೀಸ್‌ಗೆ ಹೋಗೋಕೆ ಮಾತ್ರ ಸರ್ಕಾರ ಬಿಡಲಿಲ್ಲ. ಫ್ರೇಮಿಂಗ್ ಐಡಿಯಾವನ್ನ ಫ್ರಾನ್ಸಿನ ರೆನೆ ಥೋಮ್ 1954ರಲ್ಲಿ ತಿರುಗಿಸಿ ಹಾಕಿದ್ರು: ಪೊಂಟ್ರ್ಯಾಗಿನ್ ಮ್ಯಾನಿಫೋಲ್ಡಿಂದ ಹೋಮೊಟಪಿ ಲೆಕ್ಕ ಹಾಕ್ತಿದ್ರೆ ಥೋಮ್ ಹೋಮೊಟಪಿಯಿಂದ ಮ್ಯಾನಿಫೋಲ್ಡ್ ಲೆಕ್ಕ ಹಾಕಿದ್ರು, ಅವರಿಗೂ 1958ರಲ್ಲಿ ಫೀಲ್ಡ್ಸ್ ಮೆಡಲ್.

ಅಷ್ಟರಲ್ಲಿ ಪೊಂಟ್ರ್ಯಾಗಿನ್ ಟೊಪಾಲಜಿ ಬಿಟ್ಟೇ ಬಿಟ್ಟಿದ್ರು. 1952ರ ಆಸುಪಾಸು. ಇದಕ್ಕೆ ಕಾರಣ ಒಂದೇ ಅಂತ ಹೇಳೋದು ಕಷ್ಟ. ಪ್ಯಾರಿಸ್‌ನಲ್ಲಿ ಲೆರೇ, ಸೆರ್ ಇವರ ಬೀಜಗಣಿತದ ಹೊಸ ಯಂತ್ರಗಳು ಬಂದು ಹೋಮೊಟಪಿ ಗ್ರೂಪುಗಳನ್ನ ಸರಸರ ಲೆಕ್ಕ ಹಾಕೋಕೆ ಶುರು ಮಾಡಿದ್ವು, ಸರ್ಫೇಸನ್ನ ಕೈಯಲ್ಲಿ ಕತ್ತರಿಸೋ ದಾರಿ ಮುಂದೆ ಹೋದಷ್ಟೂ ಕಡಿದಾಗ್ತಿತ್ತು. ಇನ್ನೊಂದು ಕಡೆ, ಗೋರ್ಕಿ ಊರಿನ ಭೌತವಿಜ್ಞಾನಿ ಅಲೆಕ್ಸಾಂಡರ್ ಆಂದ್ರೊನೊವ್ ಜೊತೆ 1930ರ ದಶಕದಿಂದ ಸ್ನೇಹ ಇತ್ತು, ಇಬ್ಬರೂ ಸೇರಿ 1937ರಲ್ಲಿ "ಒರಟು ಸಿಸ್ಟಮ್"ಗಳ ಬಗ್ಗೆ ಒಂದು ಸಣ್ಣ ಪೇಪರ್ ಬರೆದಿದ್ರು, ಸಮೀಕರಣವನ್ನ ಸ್ವಲ್ಪ ಅಲ್ಲಾಡಿಸಿದ್ರೂ ಅದರ ನಡವಳಿಕೆಯ ಒಟ್ಟು ಚಿತ್ರ ಬದಲಾಗದ ಸಿಸ್ಟಮ್ಮುಗಳು, ಈಗ ಸ್ಟ್ರಕ್ಚರಲ್ ಸ್ಟೆಬಿಲಿಟಿ ಅಂತೀವಿ. ಅಂದ್ರೆ ರಾತ್ರೋರಾತ್ರಿ ದಾರಿ ಬದಲಿಸಿದ್ದಲ್ಲ. ತನ್ನ ಗಣಿತ ಯಾವುದಕ್ಕೆ ಬೇಕು ಅನ್ನೋ ಪ್ರಶ್ನೆ ಅವರನ್ನ ಕಾಡ್ತಿತ್ತು ಅನ್ನೋದು ಅವರೇ ಹೇಳ್ಕೊಂಡಿರೋ ಮಾತು.

1950ರ ದಶಕದ ನಡುವೆ ಯುದ್ಧವಿಮಾನದ ಕಡೆಯವರು ಒಂದು ಸಮಸ್ಯೆ ತಂದ್ರು: ಒಂದು ವಸ್ತು ಇನ್ನೊಂದನ್ನ ಬೆನ್ನಟ್ಟಿದೆ, ಆದಷ್ಟು ಬೇಗ ಹಿಡೀಬೇಕು, ಸ್ಟಿಯರಿಂಗು ಎಂಜಿನ್ನು ಹೇಗೆ ನಡೆಸಬೇಕು? ಹಳೇ ಕ್ಯಾಲ್ಕ್ಯುಲಸ್ ಆಫ್ ವೇರಿಯೇಷನ್ಸ್ ಇಲ್ಲಿ ಕೈ ಕೊಡುತ್ತೆ, ಯಾಕಂದ್ರೆ ಎಂಜಿನ್ನಿಗೆ ಒಂದು ಮಿತಿ ಇದೆ, ಒಳ್ಳೇ ಉತ್ತರ ಆ ಮಿತಿಯ ಅಂಚಿನಲ್ಲೇ ಕೂತಿರುತ್ತೆ, ಅಂಚಿನಲ್ಲಿ ಡೆರಿವೇಟಿವ್ ಸೊನ್ನೆ ಅನ್ನೋ ರೂಲು ನಡೆಯಲ್ಲ. ಸರಳ ಉದಾಹರಣೆ: ನಿಂತಿರೋ ಗಾಡಿ ಮುಂದೆ ಒಂದು ಜಾಗಕ್ಕೆ ಹೋಗಿ ಸರಿಯಾಗಿ ಅಲ್ಲೇ ನಿಲ್ಲಬೇಕು, ಕಮ್ಮಿ ಟೈಮಲ್ಲಿ. ಅರ್ಧ ದಾರಿ ಫುಲ್ ಆಕ್ಸಿಲರೇಟರ್, ಉಳಿದರ್ಧ ಫುಲ್ ಬ್ರೇಕು (ಎರಡರ ಬಲವೂ ಸಮ ಅಂದ್ಕೊಂಡ್ರೆ), ನಡುವೆ ಇನ್ನೇನೂ ಇಲ್ಲ. ಪೊಂಟ್ರ್ಯಾಗಿನ್ ಗುಂಪು ಹೇಳಿದ್ದು, ಸಿಸ್ಟಮ್ಮಿನ ಸಮೀಕರಣದ ಜೊತೆಗೆ ಇನ್ನೊಂದು ಜೋಡಿ ಸಮೀಕರಣ ಬರೀರಿ, ಎರಡನ್ನೂ ಸೇರಿಸಿ ಹ್ಯಾಮಿಲ್ಟೋನಿಯನ್ ಅನ್ನೋ ಒಂದು ಫಂಕ್ಷನ್ ಕಟ್ಟಿ, ಒಳ್ಳೇ ಕಂಟ್ರೋಲು ಯಾವುದೇ ಆಗಿರಲಿ ಅದು ಪ್ರತಿ ಕ್ಷಣದಲ್ಲೂ ಆ ಹ್ಯಾಮಿಲ್ಟೋನಿಯನ್ನನ್ನ ಗರಿಷ್ಠ ಮಾಡಿರಲೇಬೇಕು. ಇಡೀ ಪ್ರಯಾಣದ ಮೇಲಿನ ಒಂದು ಅನಂತ ಆಯಾಮದ ಹುಡುಕಾಟ ಕ್ಷಣಕ್ಷಣದ ಸಣ್ಣ ಗರಿಷ್ಠ ಲೆಕ್ಕವಾಗಿ ಇಳೀತು. ಇಡೀ ಮ್ಯಾಪಿನ ಬದಲು ಒಂದು ಬಿಂದುವಿನ ಹಿಂದೆ ಏನಿದೆ ಅಂತ ನೋಡಿದ್ರಲ್ಲ, ಅದೇ ತಲೆ.

1956ರಲ್ಲಿ ಮೊದಲ ಟಿಪ್ಪಣಿ ಬಂತು, ಬೊಲ್ತ್ಯಾನ್ಸ್ಕಿ ಮತ್ತು ಗಮ್‌ಕ್ರೆಲಿದ್ಜೆ ಜೊತೆಗಾರರು, 1961ರ ಪುಸ್ತಕದಲ್ಲಿ ಮಿಶ್ಚೆಂಕೊ ಕೂಡ ಸೇರಿದ್ರು, 1962ರಲ್ಲಿ ನಾಲ್ವರಿಗೂ ಲೆನಿನ್ ಪ್ರಶಸ್ತಿ. ಆಮೇಲೆ ಇದು ರಾಕೆಟ್ ದಾರಿಯ ಲೆಕ್ಕದಿಂದ ಹಿಡಿದು ಎಕನಾಮಿಕ್ಸ್‌ನ ಗ್ರೋತ್ ಮಾಡೆಲ್ ತನಕ ಎಲ್ಲ ಕಡೆ ಹೋಯ್ತು. ಚಂದ್ರನ ಮೇಲೆ ಕಮ್ಮಿ ಇಂಧನದಲ್ಲಿ ಮೆತ್ತಗೆ ಇಳಿಯೋದು ಹೇಗೆ ಅನ್ನೋ ಟೆಕ್ಸ್ಟ್‌ಬುಕ್ ಲೆಕ್ಕಕ್ಕೆ ಇದು ಕೊಡೋ ಉತ್ತರ ನೋಡಿ: ಮೊದಲು ಎಂಜಿನ್ ಆಫ್, ಸುಮ್ಮನೆ ಬೀಳೋದು, ಆಮೇಲೆ ಒಂದು ಹಂತಕ್ಕೆ ಬಂದಾಗ ಫುಲ್ ಥ್ರಸ್ಟ್. ಯಾರ ಪಾಲು ಎಷ್ಟು ಅನ್ನೋ ಜಗಳವೂ ಇದೆ. ಗಮ್‌ಕ್ರೆಲಿದ್ಜೆ ಮಾಡಿದ್ದು ಲೀನಿಯರ್ ಸಿಸ್ಟಮ್ಮಿನ ಪ್ರೂಫು, ಪೂರ್ತಿ ಸಾಮಾನ್ಯ ಪ್ರೂಫು ಬೊಲ್ತ್ಯಾನ್ಸ್ಕಿ ಅವರದ್ದು, ಹೆಸರು ಮಾತ್ರ ಮುಖ್ಯಸ್ಥರದ್ದು ಆಯ್ತು ಅನ್ನೋದು ಬೊಲ್ತ್ಯಾನ್ಸ್ಕಿ ಅವರೇ ಆಮೇಲೆ ಎತ್ತಿದ ತಕರಾರು. ಅಮೆರಿಕದಲ್ಲಿ ಹೆಸ್ಟೆನೆಸ್ 1950ರಲ್ಲೇ ತುಂಬಾ ಹತ್ತಿರದ ಫಲಿತಾಂಶಕ್ಕೆ ಬಂದಿದ್ರು ಅನ್ನೋದನ್ನೂ ಗಮನಿಸಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಪ್ರಶ್ನೆಯನ್ನ ಆ ರೂಪಕ್ಕೆ ತಂದಿದ್ದು ಪೊಂಟ್ರ್ಯಾಗಿನ್, ಅದರಲ್ಲಿ ಅನುಮಾನ ಕಾಣಲ್ಲ, ಆದರೆ ನೀವು ಸೆಮಿನಾರಲ್ಲಿ ಹೇಳೋವಾಗ ಬೊಲ್ತ್ಯಾನ್ಸ್ಕಿ ಹೆಸರು ಬಿಡಬೇಡಿ.

ಸರಿ, ಮೂರನೇ ಪ್ರಶ್ನೆ.

ಒಂದು ಕಡೆ ರೋಖ್ಲಿನ್ ಇದಾರೆ. ವ್ಲಾದಿಮಿರ್ ರೋಖ್ಲಿನ್, ಯಹೂದಿ, 1941ರಲ್ಲಿ ತಾನಾಗೇ ಯುದ್ಧಕ್ಕೆ ಹೋಗಿ ಜರ್ಮನ್ನರ ಕೈಗೆ ಸಿಕ್ಕಿಬಿದ್ರು, ತಾನು ಯಹೂದಿ ಅನ್ನೋದನ್ನ ಮುಚ್ಚಿಟ್ಟು ಸೆರೆಯಲ್ಲಿ ಬದುಕಿ ಉಳಿದ್ರು, ಬಿಡುಗಡೆ ಆದ ಮೇಲೆ ಸೋವಿಯತ್ ಸರ್ಕಾರ ಸೆರೆಸಿಕ್ಕವರನ್ನ ಅನುಮಾನದಿಂದ ನೋಡ್ತಿತ್ತಲ್ಲ, ಅವರನ್ನೂ ವಿಚಾರಣೆಯ ಕ್ಯಾಂಪಿಗೆ ಹಾಕಿದ್ರು. ಅಲ್ಲಿಂದ ಅವರನ್ನ ಬಿಡಿಸೋಕೆ ಓಡಾಡಿದವರಲ್ಲಿ ಇನ್ನೊಬ್ಬ ದೊಡ್ಡ ಸೋವಿಯತ್ ಗಣಿತಜ್ಞ ಕೊಲ್ಮೊಗೊರೊವ್ ಜೊತೆಗೆ ಪೊಂಟ್ರ್ಯಾಗಿನ್ ಕೂಡ ಒಬ್ಬರು. ಬರೀ ಬಿಡಿಸಿದ್ದಲ್ಲ, ಸ್ಟೆಕ್ಲೊವ್‌ನಲ್ಲಿ ತಮ್ಮ ಸಹಾಯಕನಾಗಿ ಕೆಲಸಕ್ಕೂ ತಗೊಂಡ್ರು, ಆ ಕಾಲದಲ್ಲಿ ಯುದ್ಧಕೈದಿಯಾಗಿದ್ದವರಿಗೆ ಕೆಲಸ ಕೊಡೋದು ಸಣ್ಣ ವಿಷಯ ಅಲ್ಲ. ರೋಖ್ಲಿನ್ ಗುರುವಿನ ಫ್ರೇಮಿಂಗ್ ದಾರಿಯಲ್ಲೇ ಆಯಾಮದ ವ್ಯತ್ಯಾಸ ಮೂರರ ಕೇಸಿಗೆ ಕೈ ಹಾಕಿ 24 ಎಲಿಮೆಂಟಿನ ಗ್ರೂಪಿಗೆ ಬಂದು ತಲುಪಿದ್ರು (ಮೊದಲು 12 ಅಂತ ಬರೆದು ಆಮೇಲೆ ತಿದ್ದಿದ್ರು, ಈ ಮನೆತನದಲ್ಲಿ ಇದು ಮಾಮೂಲಿ ಅನ್ಸುತ್ತೆ), ಅದರ ಜೊತೇಲೇ ನಾಲ್ಕು ಆಯಾಮದ ಸ್ಪಿನ್ ಮ್ಯಾನಿಫೋಲ್ಡಿನ ಸಿಗ್ನೇಚರು 16ರಿಂದ ಭಾಗವಾಗುತ್ತೆ ಅನ್ನೋ ಅವರ ಪ್ರಸಿದ್ಧ ಥಿಯರಮ್ ಬಂತು. ಮುಂದೆ ಲೆನಿನ್‌ಗ್ರಾಡ್‌ನಲ್ಲಿ ಗ್ರೊಮೊವ್, ಎಲಿಯಾಶ್‌ಬರ್ಗ್ ಇವರಿಗೆಲ್ಲ ಗುರುವಾದ್ರು.

ಇನ್ನೊಂದು ಕಡೆ 1970ರ ದಶಕದ ಪೊಂಟ್ರ್ಯಾಗಿನ್. ಆಗ ಅವರು ಅಕಾಡೆಮಿಶಿಯನ್ (ಸೋವಿಯತ್ ವಿಜ್ಞಾನ ಅಕಾಡೆಮಿಯ ಸದಸ್ಯ), ಹೀರೋ ಆಫ್ ಸೋಷಲಿಸ್ಟ್ ಲೇಬರ್, 1970ರಿಂದ 1974ರ ತನಕ ಇಂಟರ್‌ನ್ಯಾಷನಲ್ ಮ್ಯಾಥಮ್ಯಾಟಿಕಲ್ ಯೂನಿಯನ್ನಿನ ಉಪಾಧ್ಯಕ್ಷ, 1975ರಿಂದ ಮತೆಮತೀಚೆಸ್ಕಿ ಸ್ಬೋರ್ನಿಕ್ ಅನ್ನೋ ದೊಡ್ಡ ಜರ್ನಲ್ಲಿನ ಮುಖ್ಯ ಸಂಪಾದಕ. ಅದೇ ವರ್ಷಗಳಲ್ಲಿ ಮಾಸ್ಕೋ ಯೂನಿವರ್ಸಿಟಿಯ ಮ್ಯಾಥ್ಸ್ ವಿಭಾಗದ ಎಂಟ್ರೆನ್ಸಲ್ಲಿ ಯಹೂದಿ ಹುಡುಗರಿಗೆ ಬೇಕಂತಲೇ ಬೇರೆ ಕಷ್ಟದ ಲೆಕ್ಕ ಕೊಟ್ಟು ಫೇಲ್ ಮಾಡ್ತಿದ್ರು ಅನ್ನೋದಕ್ಕೆ ದಾಖಲೆಗಳಿವೆ. ಪೊಂಟ್ರ್ಯಾಗಿನ್ ಜರ್ನಲ್ ಕೈಗೆ ತಗೊಂಡ ಮೇಲೆ ಅಲ್ಲಿ ಯಹೂದಿ ಲೇಖಕರು ಕಮ್ಮಿ ಆದ್ರು ಅಂತ ಟೀಕಾಕಾರರು ಆರೋಪ ಮಾಡಿದ್ರು. 1978ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಕಾಂಗ್ರೆಸ್ಸಲ್ಲಿ ಸೋವಿಯತ್ ಯಹೂದಿ ಗಣಿತಜ್ಞ ಮಾರ್ಗುಲಿಸ್‌ಗೆ ಫೀಲ್ಡ್ಸ್ ಮೆಡಲ್ ಘೋಷಣೆ ಆಯ್ತು, ಅವರಿಗೆ ಹೋಗೋಕೆ ಅನುಮತಿ ಸಿಗಲಿಲ್ಲ, ಅಲ್ಲೇ ಸೋವಿಯತ್ ಗಣಿತದಲ್ಲಿ ನಡೀತಿರೋ ಭೇದಭಾವದ ಬಗ್ಗೆ ಒಂದು ಬರಹ ಕೈಯಿಂದ ಕೈಗೆ ಹೋಯ್ತು, ಅದರಲ್ಲಿ ಪೊಂಟ್ರ್ಯಾಗಿನ್ ಹೆಸರೂ ಇತ್ತು. ಅವರು ಮರುವರ್ಷ ಸೈನ್ಸ್ ಪತ್ರಿಕೆಯಲ್ಲಿ ಆರೋಪವನ್ನ ಪೂರ್ತಿ ತಳ್ಳಿಹಾಕಿದ್ರು.

ಆದರೆ ಅವರ ವಿರುದ್ಧದ ದೊಡ್ಡ ಸಾಕ್ಷಿ ಅವರೇ. 1978ರಲ್ಲಿ ರಷ್ಯನ್ ಭಾಷೆಯಲ್ಲಿ ಬಂದ ಅವರ ಕಿರು ಆತ್ಮಕಥನದಲ್ಲಿ, ಆ ಮ್ಯಾಥಮ್ಯಾಟಿಕಲ್ ಯೂನಿಯನ್ನನ್ನ ಜಿಯೋನಿಸ್ಟರು (ಯಹೂದಿ ರಾಷ್ಟ್ರವಾದಿಗಳು) ವಶ ಮಾಡ್ಕೊಳ್ಳೋಕೆ ನೋಡಿದ್ರು, ಅಮೆರಿಕದ ಯಹೂದಿ ಗಣಿತಜ್ಞ ನೇಥನ್ ಜೇಕಬ್‌ಸನ್‌ರನ್ನ ಅಧ್ಯಕ್ಷರನ್ನಾಗಿ ಮಾಡೋಕೆ ಹೊರಟಿದ್ರು, ನಾನು ತಡೆದೆ ಅನ್ನೋ ಅರ್ಥದ ಮಾತು ಹೆಮ್ಮೆಯಿಂದ ಬರೆದಿದಾರೆ, ಜೇಕಬ್‌ಸನ್ ಸಾಧಾರಣ ಗಣಿತಜ್ಞ ಅನ್ನೋ ಧಾಟಿಯಲ್ಲಿ ಬೇರೆ. ಆಲ್ಜೀಬ್ರಾ ಓದಿದ ಯಾರಿಗೇ ಆಗಲಿ ಆ ಮಾತು ಎಷ್ಟು ಅಸಂಬದ್ಧ ಅಂತ ಗೊತ್ತಾಗುತ್ತೆ. ಹಾಗಾಗಿ ನನ್ನ ಉತ್ತರ: ಆರೋಪದಲ್ಲಿ ಹುರುಳಿದೆ. ರೋಖ್ಲಿನ್ ಕಥೆ ಹೇಳಿ ಇದನ್ನ ಒರೆಸಿಹಾಕೋಕಾಗಲ್ಲ, ಇದನ್ನ ಹೇಳಿ ರೋಖ್ಲಿನ್ ಕಥೆ ಸುಳ್ಳು ಅನ್ನೋಕೂ ಆಗಲ್ಲ. ಮೂವತ್ತು ವರ್ಷದ ಅಂತರ ಇದೆ, ಮೊದಲನೇದು ಒಬ್ಬ ಶಿಷ್ಯನ ವಿಷಯ, ಎರಡನೇದು ಅಧಿಕಾರದಲ್ಲಿ ಕೂತವರ ವಿಷಯ. ಕೆಲವರು ಅವರು ಕಣ್ಣಿಲ್ಲದವರು, ಸುತ್ತ ಇದ್ದವರು ಕಿವಿ ತುಂಬಿದ್ರು ಅಂತ ಸಮಜಾಯಿಷಿ ಕೊಡ್ತಾರೆ. ನನಗೆ ಅದು ಅವಮಾನ ಅನ್ಸುತ್ತೆ. ಎರಡನೇ ವರ್ಷದಲ್ಲೇ ಬೋರ್ಡಿನ ತಪ್ಪು ಹಿಡಿದವರಿಗೆ ತಮ್ಮ ಅಭಿಪ್ರಾಯ ತಾವೇ ಮಾಡ್ಕೊಳ್ಳೋಕೆ ಬರಲ್ವಾ?

ಕೊನೇ ವರ್ಷಗಳಲ್ಲೂ ಸುಮ್ಮನೆ ಕೂತವರಲ್ಲ. ಕೊಲ್ಮೊಗೊರೊವ್ ತಂದ ಶಾಲಾ ಗಣಿತದ ಸುಧಾರಣೆ ಮೇಲೆ 1980ರಲ್ಲಿ ಪಾರ್ಟಿಯ "ಕಮ್ಯುನಿಸ್ಟ್" ಅನ್ನೋ ಪತ್ರಿಕೆಯಲ್ಲೇ ಹರಿಹಾಯ್ದ್ರು. ವೆಕ್ಟರ್ ಅಂದ್ರೆ ಜಾಗದ ಸಮಾನಾಂತರ ವರ್ಗಾವಣೆ ಅಂತ ಹೈಸ್ಕೂಲ್ ಹುಡುಗರಿಗೆ ಹೇಳಿಕೊಟ್ರೆ ಯಾರಿಗೆ ಅರ್ಥ ಆಗುತ್ತೆ, ಸೆಟ್ ಥಿಯರಿ ತುಂಬಿಸಿ ಲೆಕ್ಕ ಮಾಡೋದನ್ನೇ ಮರೆಸ್ತಿದೀರಿ ಅನ್ನೋದು ವಾದ. ಸೆಟ್ಟಿನ ಚಿಹ್ನೆಗಳನ್ನ ಬಾಲ ಅಂತ ಕೇಳ್ಕೊಂಡು ಬೆಳೆದವರು ಈ ಮಾತು ಹೇಳಿದ್ದು ನನಗೆ ಸಹಜ ಅನ್ಸುತ್ತೆ, ಬೇರೆ ವಿಷಯಗಳಲ್ಲಿ ಅವರನ್ನ ಒಪ್ಪದವರೂ ಇದನ್ನ ಎಷ್ಟೋ ಜನ ಒಪ್ಪಿದ್ರು. ಸೈಬೀರಿಯಾ ಮತ್ತು ಉತ್ತರದ ನದಿಗಳನ್ನ ದಕ್ಷಿಣಕ್ಕೆ ತಿರುಗಿಸೋ ಸರ್ಕಾರದ ಯೋಜನೆಯನ್ನೂ ವಿರೋಧಿಸಿದ್ರು, ಕ್ಯಾಸ್ಪಿಯನ್ ಸಮುದ್ರದ ಮಟ್ಟ ಇಳಿಯುತ್ತೆ ಅಂತ ಹೇಳೋಕೆ ಬಳಸಿದ ಲೆಕ್ಕವೇ ಸರಿ ಇಲ್ಲ ಅಂತ. 1986ರಲ್ಲಿ ಆ ಯೋಜನೆ ಕೈಬಿಟ್ರು.

1988ರ ಮೇ 3ಕ್ಕೆ ಮಾಸ್ಕೋದಲ್ಲೇ ತೀರ್ಕೊಂಡ್ರು. ಅವರು ಬರೆಸಿದ ಉದ್ದದ ಆತ್ಮಕಥೆ ಹತ್ತು ವರ್ಷ ಆದ್ಮೇಲೆ 1998ರಲ್ಲಿ ಪುಸ್ತಕವಾಗಿ ಬಂತು, ಅದರಲ್ಲಿ ಅಮ್ಮ, ಆಂದ್ರೊನೊವ್, ವಿಮಾನದ ಸಮಸ್ಯೆ, ಯೂನಿಯನ್ ಜಗಳ ಎಲ್ಲವೂ ಅವರದ್ದೇ ಮಾತಲ್ಲಿ ಇದೆ, ಯಾವುದನ್ನೂ ನುಣುಪು ಮಾಡಿಲ್ಲ. ನೀವು ಗಣಿತದ ಕಡೆಯಿಂದ ಶುರು ಮಾಡೋದಾದ್ರೆ ಮೊದಲು ಸಾರ್ಡ್ ಥಿಯರಮ್, ರೆಗ್ಯುಲರ್ ವ್ಯಾಲ್ಯೂ ಇವೆರಡನ್ನ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಮೇಲೆ ಹೇಳಿದ ಟೋರಸ್ ಲೆಕ್ಕವನ್ನ ಪೆನ್ನು ಪೇಪರ್ ಇಲ್ಲದೆ ಒಂದು ಸಲ ತಲೇಲೇ ಮಾಡಿ ನೋಡಿ. ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ಬರೀರಿ, ಅಲ್ಲಿಂದ ಮುಂದಿನದ್ದು ಹೇಳ್ತೀನಿ.